ನಿಂತ ಮುಟ್ಟು ಮರಳಿ ಬರುವುದಿಲ್ಲ

ಹೆಂಗಸು ಹೊರಗಾದರೆ ಮೂರು ದಿನ ಒಲೆ ಮುಟ್ಟುವಂತಿಲ್ಲ, ನೀರಿನ ಹರವಿ ಮುಟ್ಟುವಂತಿಲ್ಲ. ನಾಲ್ಕನೆಯ ದಿನ ತಲೆಗೆ ನೀರು ಹಾಕಿಕೊಂಡು ಒಳಗೆ ಬರಬೇಕು. ನಮ್ಮ ಸೀಮೆಯ ಹಳ್ಳಿಗಳಲ್ಲಿ ಇದು ಎಲ್ಲರಿಗೂ ಗೊತ್ತಿರುವ ಮಾತು. ಆದರೆ ಆ ನಾಲ್ಕನೆಯ ದಿನ ಬಾರದೆಯೇ ಹೋದರೆ ಏನು ಮಾಡಬೇಕು ಅಂತ ಯಾರೂ ಯೋಚಿಸಿರಲಿಲ್ಲ. ಯೋಚಿಸುವ ಗತಿ ಬಂದದ್ದು ಮಧುಗಿರಿ ಮಗ್ಗುಲ ಹಳ್ಳಿಯ ಕೆಂಚಮ್ಮನಿಗೆ. ಮೈಸೂರು ಮಹಾರಾಜರ ಆಳ್ವಿಕೆಯ ಕೊನೆಯ ವರ್ಷಗಳವು. ಯುದ್ಧದ ದೆಸೆಯಿಂದ ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲು ಉರಿಸಿಕೊಂಡು ಏದುಸಿರು ಬಿಡುತ್ತಿದ್ದ ಕಾಲ.

ಕೆಂಚಮ್ಮನಿಗೆ ಸೊಸೆ ಬಂದ ವರ್ಷವೇ ಮುಟ್ಟು ನಿಂತಿತ್ತು. ಈಗ ಮೊಮ್ಮಗ ಕುರಿಮರಿಯ ಹಿಂದೆ ಓಡುತ್ತಿದ್ದ. ಹೀಗಿರುವಾಗ ಒಂದು ದಿನ ಕಡಲೆಕಾಯಿ ಹೊಲದಲ್ಲಿ ಕಳೆ ತೆಗೆಯುತ್ತಿದ್ದವಳ ಸೀರೆಗೆ ರಕ್ತ ಹತ್ತಿತು. ಹೊಟ್ಟೆನೋವಿಲ್ಲ, ಜ್ವರವಿಲ್ಲ. ಬರೀ ರಕ್ತ.

ಗಂಡ ಬೈರಪ್ಪನ ಅಣ್ಣನ ಹೆಂಡತಿ ಲಕ್ಕಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಆ ಮನೆಯ ಮಡಿ ಮೈಲಿಗೆಯ ಮೇಲೆಲ್ಲ ಅವಳದೇ ಅಧಿಕಾರ.

"ನಮ್ ಕೆಂಚಿಗೆ ಹರೇಯ ತಿರುಗಿ ಬಂದೈತೆ ಕಣ್ರೇ. ಬೈರಪ್ಪಂಗೆ ಇನ್ನೊಂದು ತೊಟ್ಲು ಕಟ್ಟಾಕೇಳಿ. ನಡಿ ನಡಿ, ಕೊಟ್ಟಿಗೆ ಮಗ್ಗುಲಾಗೆ ಕೂತ್ಕ."

ಕೆಂಚಮ್ಮ ಕೊಟ್ಟಿಗೆಯ ಪಕ್ಕದ ಸೋಗೆಯ ಕೆಳಗೆ ಗೋಣಿ ಹಾಸಿಕೊಂಡು ಕೂತಳು. ನಾಲ್ಕನೆಯ ದಿನ ಬಂತು, ರಕ್ತ ನಿಲ್ಲಲಿಲ್ಲ. ವಾರ ಕಳೆಯಿತು. ಒಂದೊಂದು ದಿನ ನಿಂತಂತೆ ಮಾಡಿ, ನೀರು ಹಾಕಿಕೊಂಡು ಹೊಸಿಲಿಗೆ ಬರುವಷ್ಟರಲ್ಲಿ ಮತ್ತೆ ಕಾಣಿಸುತ್ತಿತ್ತು. ಸೊಸೆ ದೂರದಿಂದ ಮುದ್ದೆ ಇಟ್ಟು ಹೋಗುತ್ತಿದ್ದಳು. ಗಂಡ ಬೈರಪ್ಪ ಬೇಲಿಯಾಚೆ ನಿಂತು, "ಹೆಂಗೈತೆ?" ಅನ್ನುತ್ತಿದ್ದ. "ಅಂಗೇ ಐತೆ" ಅನ್ನುತ್ತಿದ್ದಳು. ಅವನು ತಲೆ ಕೆರೆದುಕೊಂಡು ಹೊಲಕ್ಕೆ ಹೋಗುತ್ತಿದ್ದ. ಕೆಂಚಮ್ಮನಿಗೆ ಅಳು ಬರುತ್ತಿರಲಿಲ್ಲ, ಸಿಟ್ಟು ಬರುತ್ತಿತ್ತು. ಯಾರ ಮೇಲೆ ಅನ್ನುವುದು ಮಾತ್ರ ತಿಳಿಯುತ್ತಿರಲಿಲ್ಲ.

ಆ ಹೊತ್ತಿಗೆ ಪಕ್ಕದ ಮನೆಯ ಬಾಣಂತಿಯನ್ನು ನೋಡಲು ಮಧುಗಿರಿ ಆಸ್ಪತ್ರೆಯಿಂದ ನಾಗರತ್ನಮ್ಮ ಬಂದರು. ಹೆರಿಗೆ ಮಾಡಿಸುವ ಕೆಲಸ ಕಲಿತು ಸರ್ಕಾರದ ಸಂಬಳದಲ್ಲಿದ್ದ ಹೆಂಗಸು. ಹಿಂದಿರುಗುವಾಗ ಕೆಂಚಮ್ಮನನ್ನು ಕಂಡು ನಿಂತರು.

"ಏನಮ್ಮ, ಹಗಲೆಲ್ಲ ಇಲ್ಲೇ ಇದ್ದೀರಿ? ಎಮ್ಮೆ ಕಾವಲಾ?"

"ಹೊರಗಾಗಿದೀನಿ ಕಣಮ್ಮಾರೆ. ಅಲ್ಲೇ ನಿಂತ್ಕಳಿ, ಮುಟ್ಟುಸ್ಕಬ್ಯಾಡಿ."

ನಾಗರತ್ನಮ್ಮ ಬಂದು ಅದೇ ಗೋಣಿಯ ಮೇಲೆ ಕೂತರು. ಎಂದಿನಿಂದ, ಎಷ್ಟು, ವಾಸನೆ ಇದೆಯಾ ಅಂತ ಒಂದೊಂದೇ ಕೇಳಿದರು. ಆಮೇಲೆ ನಿಧಾನವಾಗಿ ಹೇಳಿದರು.

"ಮುಟ್ಟು ನಿಂತು ವರ್ಷ ಕಳೆದ ಮೇಲೆ ಒಂದು ತೊಟ್ಟು ರಕ್ತ ಕಂಡರೂ ಅದು ಮುಟ್ಟಲ್ಲಮ್ಮ. ಒಳಗೆ ಏನೋ ಆಗಿದೆ. ಸಣ್ಣದೇ ಇರಬಹುದು. ಗರ್ಭಕೋಶದ ಬಾಯಲ್ಲಿ ಕೆಟ್ಟ ಹುಣ್ಣೂ ಇರಬಹುದು, ಕ್ಯಾನ್ಸರ್ ಅಂತಾರೆ. ಯಾವುದು ಅನ್ನೋದು ಪರೀಕ್ಷೆ ಮಾಡದೆ ಯಾರಿಗೂ ಗೊತ್ತಾಗಲ್ಲ."

"ನೋವೇ ಇಲ್ವಲ್ಲಮ್ಮ."

"ಅದೇ ಅದರ ಮೋಸ. ನೋವು ಕಾಣೋ ಹೊತ್ತಿಗೆ ಬೇರು ಬಿಟ್ಟಿರುತ್ತೆ. ಬೇಗ ಹಿಡಿದರೆ ಬದುಕಬಹುದು. ತುಮಕೂರಿನ ಆಸ್ಪತ್ರೆಗೆ ಹೋಗಿ. ಅಲ್ಲಿ ಹೆಂಗಸು ಡಾಕ್ಟರೇ ಇದ್ದಾರೆ."

ಬೈರಪ್ಪ ಬೇಲಿಯಾಚೆಯಿಂದ ಕೇಳಿಸಿಕೊಳ್ಳುತ್ತಿದ್ದ. "ಅಲ್ಲಿಗೋದೋರು ತಿರುಗಿ ಬರಲ್ಲ ಅಂತಾರಲ್ಲ ಅಮ್ಮಾರೆ?"

"ಕೊನೆಯುಸಿರು ಎಳೀತಿರೋರನ್ನ ಹೊತ್ಕೊಂಡು ತಂದರೆ ಹೆಂಗಪ್ಪ ತಿರುಗಿ ಬರ್ತಾರೆ? ನಿನ್ನ ಹೆಂಡ್ತಿ ಇನ್ನೂ ನಡೆದಾಡ್ತಾ ಇದ್ದಾರೆ. ಈಗ ಕರ್ಕೊಂಡು ಹೋಗು."

ಲಕ್ಕಮ್ಮ ಬಾಗಿಲಿಗೆ ಬಂದು ಸೊಂಟದ ಮೇಲೆ ಕೈಯಿಟ್ಟಳು. "ಬ್ಯಾಡ ಅಂದೋರು ಯಾರು? ನಿಂತ ಮ್ಯಾಲೆ ನೀರು ಹಾಕ್ಕಂಡು ಹೋಗ್ಲಿ. ಈ ಮೈಲಿಗೇಲಿ ಮಾರಮ್ಮನ ಗುಡಿ ಮುಂದೆ ಗಾಡಿ ಹೋದ್ರೆ ಊರಿಗೇ ಆಗಬಾರದ್ದಾಯ್ತದೆ."

ಕೆಂಚಮ್ಮನ ಸಿಟ್ಟಿಗೆ ಆಗ ದಾರಿ ಸಿಕ್ಕಿತು. ಗೋಣಿಯ ಮೇಲಿಂದ ಎದ್ದಳು.

"ನಿಂತ ಮ್ಯಾಲೆ ಹೋಗು ಅಂತೀಯಲ್ಲಕ್ಕ, ನಿಲ್ತಾ ಇಲ್ಲ ಅಂತಾನೇ ಹೋಗ್ಬೇಕಾಗಿರಾದು. ಕಾಲಿಗೆ ಕುಡುಗೋಲು ತಗುಲಿ ರಕ್ತ ಸುರುದ್ರೆ ಕೊಟ್ಟಿಗೇಲಿ ಕೂರುಸ್ತೀಯಾ? ನಂಗೆ ನಾಕನೇ ದಿನ ಬರಾದು ಸತ್ತ ಮ್ಯಾಲೇನೇ. ಅವಾಗ ತಲೆಗೆ ನೀರು ನೀನೇ ಹಾಕ್ತೀಯ."

ಅಷ್ಟು ಹೇಳಿ ಲಕ್ಕಮ್ಮನನ್ನು ಪಕ್ಕಕ್ಕೆ ಸರಿಸಿ ಹೊಸಿಲು ದಾಟಿದಳು. ಹರವಿಯಲ್ಲಿ ತಾನೇ ಚೊಂಬು ಅದ್ದಿ ನಿಂತುಕೊಂಡೇ ನೀರು ಕುಡಿದಳು. ಸೂರು ಕಳಚಿ ಬೀಳಲಿಲ್ಲ. ಒಲೆಯ ಬೆಂಕಿ ಆರಲಿಲ್ಲ. ಬೇರೆ ಸೀರೆ ಉಟ್ಟು ಹೊರಗೆ ಬಂದು ಗಂಡನಿಗೆ ಹೇಳಿದಳು. "ಇಗಾ, ಗಾಡಿ ಕಟ್ತೀಯೋ, ನಡ್ಕಂಡು ಹೋಗ್ಲೋ?"

ಬೈರಪ್ಪ ಗಾಡಿ ಕಟ್ಟಿದ. ಮಾರಮ್ಮನ ಗುಡಿಯ ಮುಂದೆ ಪೂಜಾರಿ ಚಿಕ್ಕಹನುಮಯ್ಯ ಕೈ ಅಡ್ಡ ಹಿಡಿದ. ಕೆಂಚಮ್ಮ ಗಾಡಿಯಿಂದ ಇಳಿಯಲೂ ಇಲ್ಲ, ತಲೆ ತಗ್ಗಿಸಲೂ ಇಲ್ಲ.

"ಮಾರಮ್ಮನೂ ಹೆಂಗಸೇ ಕಣಪ್ಪ. ನನ್ ಸಮಾಚಾರ ಅವಳಿಗೆ ಗೊತ್ತೈತೆ. ನೀನು ಎತ್ತಿಗೆ ದಾರಿ ಬುಡು."

ಪೂಜಾರಿ ಪಕ್ಕಕ್ಕೆ ಸರಿದ ಮೇಲೆ ಗಾಡಿ ಮಧುಗಿರಿ ಸೇರಿತು, ಅಲ್ಲಿಂದ ಮುಂದೆ ಇದ್ದಿಲು ಬಸ್ಸು. ತುಮಕೂರಿನ ಡಾಕ್ಟರಮ್ಮ ಪರದೆ ಎಳೆದು ಪರೀಕ್ಷೆ ಮಾಡಿದರು. ಒಂದು ಹಿಡಿ ಕಡಲೆಕಾಯಿ ಸುಲಿಯುವಷ್ಟು ಹೊತ್ತೂ ಹಿಡಿಯಲಿಲ್ಲ. ಚೂರು ಮಾಂಸ ತೆಗೆದು ಬೆಂಗಳೂರಿಗೆ ಕಳುಹಿಸಿದರು. ಉತ್ತರ ಬಂದಾಗ ಮುಚ್ಚಿಡದೆ ಹೇಳಿದರು. ಅದು ಕೆಟ್ಟ ಹುಣ್ಣೇ. ಆದರೆ ಇನ್ನೂ ಹರಡಿಲ್ಲ.

ಕೆಂಚಮ್ಮ ಅಂದಳು, "ಸರಿ. ಮುಂದೇನು ಮಾಡ್ಬೇಕೋ ಹೇಳಿ."

ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ಹುಣ್ಣನ್ನು ಸುಡುವ ರೇಡಿಯಂ ಒಳಗಿಟ್ಟು ಚಿಕಿತ್ಸೆ ಮಾಡಿದರು. ಸುಲಭವಾಗಿರಲಿಲ್ಲ. ಮಗ್ಗುಲು ಬದಲಿಸದೆ ಮಲಗಬೇಕಿತ್ತು. ವಾಂತಿ, ಸುಸ್ತು. ಅನ್ನ ಕಂಡರೆ ಆಗುತ್ತಿರಲಿಲ್ಲ. "ಇದಕ್ಕೆ ಕೊಟ್ಟಿಗೇನೇ ವಾಸಿ ಕಣಮ್ಮ" ಅಂತ ನರ್ಸಿಗೆ ಬೈದಳು, ಆದರೂ ಎದ್ದು ಬರಲಿಲ್ಲ. ರಕ್ತ ನಿಂತಿತು. ಮನೆಗೆ ಕಳುಹಿಸುವಾಗ ಡಾಕ್ಟರು, "ಪೂರ್ತಿ ಗೆದ್ದೆವು ಅಂತ ಈಗಲೇ ಹೇಳಲ್ಲ, ಆಗಾಗ ಬಂದು ತೋರಿಸಬೇಕು" ಅಂದರು. ಅವಳು ಒಂದು ಸಲವೂ ತಪ್ಪಿಸಲಿಲ್ಲ. ವರ್ಷಗಳು ಕಳೆದವು. ಹುಣ್ಣು ತಿರುಗಿ ಬರಲಿಲ್ಲ.

ಊರಿಗೆ ಮರಳಿದ ಮೊದಲ ಸುಗ್ಗಿಯಲ್ಲೇ ಒಂದು ಮಾತು ನಡೆದಿತ್ತು. ಕೆರೆಯ ಏರಿಯ ಕೆಳಗೆ ಬಟ್ಟೆ ಒಗೆಯುತ್ತಿದ್ದಾಗ, ಅಷ್ಟು ದಿನ ಮುಖ ತಿರುಗಿಸಿಕೊಂಡಿದ್ದ ಲಕ್ಕಮ್ಮ ಮೆಲ್ಲಗೆ ಪಕ್ಕಕ್ಕೆ ಬಂದಳು.

"ಕೆಂಚಿ, ಆ ಡಾಕ್ಟರಮ್ಮ ಬೈತಾರೇನೆ?"

"ಯಾಕೆ ಬೈತಾರೆ?"

"ತಡ ಮಾಡ್ಕಂಡು ಬಂದೋರ್ನ."

ಕೆಂಚಮ್ಮ ಒಗೆಯುವುದನ್ನು ನಿಲ್ಲಿಸಿದಳು. "ಯಾವಾಗಿಂದ ಅಕ್ಕ?"

"ಗೌರಿ ಹಬ್ಬದಿಂದ. ಹೊರಗೆ ಕೂರ್ಬೇಕಾಯ್ತದೆ ಅಂತ ಯಾರಿಗೂ ಬಾಯಿ ಬುಡ್ಲಿಲ್ಲ."

ಆಡಿಕೊಳ್ಳುವುದಕ್ಕೆ ಅದಕ್ಕಿಂತ ಒಳ್ಳೆಯ ಸಮಯ ಕೆಂಚಮ್ಮನಿಗೆ ಸಿಗುತ್ತಿರಲಿಲ್ಲ. ಅವಳು ಲಕ್ಕಮ್ಮನ ಕೈಯಲ್ಲಿದ್ದ ಒದ್ದೆ ಬಟ್ಟೆ ಕಿತ್ತು ಕಲ್ಲಿನ ಮೇಲಿಟ್ಟಳು.

"ಅವರು ಬಯ್ಯಲ್ಲ. ಬಯ್ಯಾದು ನಾನು ಬೈತೀನಿ, ದಾರೀಲಿ. ಏಳು."

ಲಕ್ಕಮ್ಮನಿಗೆ ಇದ್ದದ್ದು ಹುಣ್ಣಲ್ಲ, ಹುಣಸೆಬೀಜದಷ್ಟು, ಕೆಡುಕಿಲ್ಲದ ಮಾಂಸದ ಕುಡಿ. ಅದನ್ನು ತೆಗೆದು ಮನೆಗೆ ಕಳುಹಿಸಿದರು. ಅಲ್ಲಿಂದ ಮುಂದೆ ಆ ಮನೆಯಲ್ಲಿ ರಕ್ತದ ಕಾರಣ ಕೇಳದೆ ಯಾರನ್ನೂ ಹೊರಗೆ ಕೂರಿಸಲಿಲ್ಲ. ಹಾಗೆ ಕಟ್ಟಪ್ಪಣೆ ಮಾಡಿದವಳು ಲಕ್ಕಮ್ಮನೇ.

ಇದನ್ನು ಓದುವ, ಓದಿಸಿ ಕೇಳುವ ಅಕ್ಕ ತಂಗಿಯರೇ, ಮುಟ್ಟು ನಿಂತ ಮೇಲೆ ರಕ್ತ ಕಂಡರೆ, ಎರಡು ಮುಟ್ಟಿನ ನಡುವೆ ಕಂಡರೆ, ಗಂಡನ ಜೊತೆ ಸೇರಿದ ಮೇಲೆ ಕಂಡರೆ, ನಾರುವ ಬಿಳಿಸೆರಗು ಹೋಗುತ್ತಿದ್ದರೆ ದಿನ ಎಣಿಸುತ್ತ ಕೂರಬೇಡಿ. ಏನೂ ತೊಂದರೆ ಇಲ್ಲದಿದ್ದರೂ ಮೂವತ್ತು ದಾಟಿದವರು ಗರ್ಭಕೋಶದ ಬಾಯಿಯ ಪರೀಕ್ಷೆ ಮಾಡಿಸಿಕೊಳ್ಳಿ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಎಲ್ಲಿಯವರಾದರೂ ಸರಿ, ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನು ಇವತ್ತೇ ವಿಚಾರಿಸಿ. ನಾಚಿಕೆ ಪಡಬೇಕಾದವರು ನೀವಲ್ಲ. ಮನೆಯ ಗಂಡಸರೇ, ಬೇಲಿಯಾಚೆ ನಿಂತು ಹೇಗಿದೆ ಅಂತ ಕೇಳಿದರೆ ಸಾಲದು, ಜೊತೆಗೆ ಹೊರಡಿ. ಯಾರಾದರೂ ಇನ್ನೊಂದು ತಿಂಗಳು ನೋಡೋಣ ಅಂದರೆ ಅವರ ಜೊತೆ ವಾದಕ್ಕೆ ನಿಲ್ಲಬೇಡಿ. ಅವರು ನೋಡುತ್ತ ಕೂತಿರಲಿ. ನೀವು ಆಸ್ಪತ್ರೆಗೆ ಹೋಗಿ ಬನ್ನಿ.