ದೆವ್ವಕ್ಕೆ ಬಿಗಿಯಾದ ಮೈ

ಆಗಷ್ಟೇ ಬೇಸಿಗೆ ಶುರುವಾಗಿತ್ತು. ಬೆಳಿಗ್ಗೆ ಹತ್ತು ಗಂಟೆ ಇರಬಹುದು, ಇಸ್ತ್ರಿಪೆಟ್ಟಿಗೆಗೆ ಕೆಂಡ ತುಂಬಿ ಆಗಿತ್ತು. ನಮ್ಮದು ಹೊಲಿಗೆ ಅಂಗಡಿ. ಅಣ್ಣ ಬಟ್ಟೆ ಕತ್ತರಿಸುವವನು, ಅತ್ತಿಗೆ ಮಿಷನ್ನಿನ ಮೇಲೆ, ನಾನು ಕಾಜಾ ಮಾಡಿ ಗುಂಡಿ ಹಚ್ಚುವವನು. ಒಂದು ಪ್ಯಾಂಟಿನ ಕಾಲನ್ನು ಅರ್ಧ ಕತ್ತರಿಸಿದ್ದ ಅಣ್ಣ ಇದ್ದಕ್ಕಿದ್ದಂತೆ ಕತ್ತರಿ ಕೆಳಗಿಟ್ಟು, ನಿಲುವುಗನ್ನಡಿಯ ಮುಂದೆ ಹೋಗಿ ನಿಂತ. ಬೆನ್ನು ತಿರುಗಿಸಿ ನೋಡಿಕೊಂಡ, ತೋಳು ಎತ್ತಿ ನೋಡಿಕೊಂಡ.

"ಯಾವನಯ್ಯ ಈ ಮೈ ಹೊಲಿದೋನು?" ಎಂದ. ದನಿ ಅಣ್ಣನದಲ್ಲ, ಖಾಲಿ ಹಂಡೆಯೊಳಗಿಂದ ಬಂದ ಹಾಗಿತ್ತು. "ಕಂಕುಳಲ್ಲಿ ಹಿಡೀತಿದೆ. ಹೊಟ್ಟೆ ಹತ್ರ ಜೋತುಬಿದ್ದಿದೆ."

ಬೇರೆಯವರಾಗಿದ್ದರೆ ಕಿರುಚಿಕೊಂಡು ಬೀದಿಗೆ ಓಡುತ್ತಿದ್ದರೋ ಏನೋ. ನಾವು ಇಪ್ಪತ್ತು ವರ್ಷದಿಂದ ದಿನಾ ಕೇಳುತ್ತಿದ್ದ ಮಾತು ಅದು. ನನ್ನ ಕೈ ತಾನಾಗಿಯೇ ಕೊರಳಲ್ಲಿದ್ದ ಟೇಪಿಗೆ ಹೋಯಿತು.

"ಸ್ವಲ್ಪ ಕೈ ಎತ್ತಿ ಸಾರ್," ಎಂದೆ.

ಅತ್ತಿಗೆ ಮಿಷನ್ ನಿಲ್ಲಿಸಿ ಎದ್ದು ಬಂದಳು. "ಯಾರು ನೀನು? ನಮ್ಮೆಜಮಾನ್ರು ಎಲ್ಲಿ?"

"ದೆವ್ವ ಕಣಮ್ಮ. ನಿನ್ನ ಗಂಡ ಒಳಗೇ ಮುದುರಿಕೊಂಡಿದ್ದಾನೆ. ಮೈ ಹೊಸದಲ್ವಾ, ಬಿಗಿ. ಏಳು ದಿನ ತೊಟ್ರೆ ಒಗ್ಗುತ್ತೆ. ಆಮೇಲೆ ಅವನನ್ನ ಹೊರಗೆ ಹಾಕ್ತೀನಿ."

ಮಾರನೆಯ ದಿನ ದೆವ್ವ ಬಿಡಿಸುವವನೊಬ್ಬ ಬಂದ. ಅವನು ಬಾಯಿ ತೆರೆಯುವ ಮೊದಲೇ ದೆವ್ವ, "ನಿನ್ನ ಕಾಲರ್ ಸೊಟ್ಟಗಿದೆ," ಎಂದಿತು. ಅವನು ಮುಖ ಸಣ್ಣದು ಮಾಡಿಕೊಂಡು ಹೊರಟುಹೋದ. ಕಾಲರ್ ಸೊಟ್ಟಗಿದ್ದದ್ದು ನಿಜ. ನಮ್ಮ ಹೊಲಿಗೆಯಲ್ಲ.

ದಿನದಿಂದ ದಿನಕ್ಕೆ ದೆವ್ವದ ನಡಿಗೆ ಸಲೀಸಾಯಿತು. ಅತ್ತಿಗೆಗೆ ಊಟ ಸೇರದಾಯಿತು. ಆರನೆಯ ದಿನ ಬೆಳಿಗ್ಗೆ ಅವಳು ಅದರ ಎದುರೇ ಹೋಗಿ ನಿಂತಳು.

"ಕಂಕುಳು ಈಗ್ಲೂ ಹಿಡೀತಿದೆಯಾ?"

"ಒಂಚೂರು."

"ಯಾಕೆ ಸಹಿಸ್ಕೋತೀರಿ? ಬಿಚ್ಚಿ ಕೊಡಿ, ನನ್ನ ಮೈದುನ ಸರಿಮಾಡ್ತಾನೆ. ಹೊಟ್ಟೇನೂ ಒಳಗೆ ಹಿಡಿಸೋಣ."

ದೆವ್ವ ನನ್ನ ಕಡೆ ತಿರುಗಿತು. "ಈಯಮ್ಮನ ಬಾಯಿ ಜೋರು, ನಂಬಕ್ಕಾಗಲ್ಲ. ನಿನಗೆ ಮಾತು ಕಡಿಮೆ, ನೀನು ಹೇಳು. ಯಾವಾಗ ಕೊಡ್ತೀಯ?"

ನನಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. ಈ ಒಂದು ಮಾತು ಮಾತ್ರ ನಮ್ಮ ಕಸುಬಿನಲ್ಲಿ ಸುಳ್ಳು ಅನ್ನಿಸಿಕೊಳ್ಳುವುದಿಲ್ಲ.

"ಗುರುವಾರ ಬನ್ನಿ ಸಾರ್. ರೆಡಿ ಇರುತ್ತೆ."

ಅದು ನಂಬಿತು. ಒದ್ದೆ ಬಟ್ಟೆ ಜಾಡಿಸಿದ ಹಾಗೆ ಅಣ್ಣನ ಮೈ ಒಮ್ಮೆ ಅದುರಿತು. ಅವನು ಸ್ಟೂಲಿನ ಮೇಲೆ ಕುಕ್ಕರಿಸಿದ. ಕಣ್ಣು ಬಿಟ್ಟವನೇ, "ಆ ಪ್ಯಾಂಟನ್ನ ಯಾರೂ ಮುಟ್ಟಿಲ್ಲ ತಾನೆ?" ಎಂದ. ಅತ್ತಿಗೆ ಅವನ ಬೆನ್ನಿಗೊಂದು ಗುದ್ದಿ, ಆಮೇಲೆ ಅತ್ತಳು.

ಗುರುವಾರ ದೆವ್ವ ತಪ್ಪದೆ ಬಂತು. ಮೈ ಇಲ್ಲವಲ್ಲ, ಗೂಟಕ್ಕೆ ತೂಗುಹಾಕಿದ್ದ ಕೋಟಿನೊಳಗೆ ಸೇರಿಕೊಂಡು ಎದೆ ಉಬ್ಬಿಸಿತು. ಅಣ್ಣ ಕತ್ತರಿಸುವ ಮೇಜಿನ ಕೆಳಗೆ ತೂರಿಕೊಂಡ.

"ಆಯ್ತಾ?"

"ಒಂಚೂರು ಕೈಕೆಲಸ ಇದೆ. ಸೋಮವಾರ ಬನ್ನಿ."

ಸೋಮವಾರ ಬಣ್ಣ ಹೊಂದುವ ದಾರ ಸಿಕ್ಕಿರಲಿಲ್ಲ. ಶುಕ್ರವಾರ ಮಿಷನ್ನಿನ ಬೆಲ್ಟು ಕಿತ್ತಿತ್ತು. ಐದನೆಯ ಸಲಕ್ಕೆ ಅಣ್ಣನಿಗೂ ಧೈರ್ಯ ಬಂದು, ಅಡಗಿದ್ದಲ್ಲಿಂದಲೇ, "ಇಸ್ತ್ರಿ ಒಂದು ಬಾಕಿ ಸಾರ್," ಎಂದ.

ಕೊನೆಗೊಂದು ದಿನ ಬಂದಾಗ ದೆವ್ವದ ದನಿ ಇಳಿದುಹೋಗಿತ್ತು. "ಸರಿಮಾಡೋದೇ ಬೇಡಪ್ಪ. ಬಿಗಿ ಇದ್ರೂ ಪರವಾಗಿಲ್ಲ. ಹೆಂಗಿದೆಯೋ ಹಂಗೇ ವಾಪಸ್ ಕೊಟ್ಬಿಡು."

ಅತ್ತಿಗೆ ಬಂದು ಮೇಜಿಗೆ ಅಡ್ಡ ನಿಂತಳು. ಮೇಜಿನ ಕೆಳಗೆ ಅಣ್ಣ ಇನ್ನೂ ಒಳಕ್ಕೆ ಸರಿದ. ನಾನು ಸೂಜಿಗೆ ದಾರ ಪೋಣಿಸಿ, ಗಂಟು ಹಾಕಿ, ತಲೆ ಎತ್ತಿದೆ.

"ಹೊಲಿಗೆ ಎಲ್ಲಾ ಬಿಚ್ಚಿ ಹಾಕಿಬಿಟ್ಟಿದ್ದೀವಲ್ಲ ಸಾರ್."

ಬೆಂಚಿನ ಮೇಲೆ ಮೇಷ್ಟ್ರೊಬ್ಬರು ತಮ್ಮ ಅಂಗಿಗಾಗಿ ಕಾಯುತ್ತ ಕೂತಿದ್ದರು. ಕೋಟು ಮಾತಾಡಿದ್ದಕ್ಕೆ ಅವರು ಬೆಚ್ಚಲಿಲ್ಲ. ಕಾದು ಕಾದು ಅದನ್ನೆಲ್ಲ ದಾಟಿದ್ದರು.

"ನಿಮ್ದು ಕೊಟ್ಟು ಎಷ್ಟು ದಿನ ಆಯ್ತು ಸ್ವಾಮಿ?"

"ಒಂದು ತಿಂಗಳು," ಎಂದಿತು ದೆವ್ವ.

"ನಂದು ಮೂರು. ಬನ್ನಿ, ಕೂತ್ಕೊಳ್ಳಿ," ಎಂದು ಮೇಷ್ಟ್ರು ಪಕ್ಕಕ್ಕೆ ಸರಿದು ಜಾಗ ಬಿಟ್ಟರು.

ಕೋಟು ನಿಧಾನವಾಗಿ ಚಪ್ಪಟೆಯಾಯಿತು. "ನಿಮ್ಮ ಸಹವಾಸವೇ ಬೇಡ," ಎಂದು ಬಾಗಿಲ ಹತ್ತಿರ ಕೇಳಿಸಿತು. ಮೇಷ್ಟ್ರು ಕೂತೇ ಇದ್ದರು. ದೆವ್ವ ಹೋಯಿತು. "ನಿಮ್ದು ಮಂಗಳವಾರ ಸಾರ್," ಎಂದೆ ನಾನು.