ಪದ ಕಡಿಯದಷ್ಟು ಗಾಳಿ

“ಸುಣ್ಣದ ಚುಕ್ಕಿ ಇಟ್ಟು...” ಎಂದು ಬೈರಮ್ಮ ಎತ್ತಿದ ಸಾಲು ರಸ್ತೆಯ ಗುಂಡಿಗೆ ಸಿಕ್ಕಿ “ಇಟ್... ಟ್... ಟು” ಎಂದು ಚೂರು ಚೂರಾಗಿ ಪಿಕಪ್ಪಿನ ಕ್ಯಾಬಿನ್ನಿನೊಳಗೇ ಬಿತ್ತು. ಸೊಲ್ಲು ಹಿಡಿಯಲು ಬಾಯಿ ತೆರೆದಿದ್ದ ವಾರಗಿತ್ತಿ ಬೆಟ್ಟಮ್ಮ ನಾಲಗೆ ಕಚ್ಚಿಕೊಂಡಳು.

“ಲೇ ನಂಜುಂಡ, ಗಾಡಿ ಓಡುಸ್ತಿದ್ದೀಯೋ, ನಮ್ಮನ್ನ ಒಳ್ಳಲ್ಲಿಕ್ಕಿ ಕುಟ್ತಿದ್ದೀಯೋ?” ಬೈರಮ್ಮ ಗದರಿದಳು.

“ರೋಡು ಅಂಗೈತೆ ಕಣಜ್ಜಿ. ನಾನೇನ್ ಮಾಡ್ಲಿ?” ಎಂದ ಸ್ಟೇರಿಂಗು ಹಿಡಿದಿದ್ದ ನಂಜುಂಡೇಶ್.

“ರೋಡು ಎಲ್ಲಾರ್ಗೂ ಒಂದೇ ಕಣ್ಲಾ. ಮುಂದೆ ಓದ ಬಸ್ಸು ಇಂಗೆ ಕುಣೀತಾ?”

ಬೈರಮ್ಮ ಸೆರಗಿನಿಂದ ಬಾಯೊರೆಸಿಕೊಂಡು ಕಿಟಕಿಯ ಕಡೆ ತಿರುಗಿದಳು. ಮಲ್ಲಿಪಟ್ಟಣದ ಹತ್ತಿರದ ತಮ್ಮೂರಿನಿಂದ ಹೊರಟ ಮೇಲೆ ಪದ ಎಷ್ಟು ಸಲ ಕಡಿಯಿತೆಂದು ಅವಳು ಎಣಿಸುವುದನ್ನೂ ಬಿಟ್ಟಿದ್ದಳು.

ಮರುದಿನ ಮೊಮ್ಮಗಳು ಮಾನಸಾಳ ಮದುವೆ. ಅದಕ್ಕೆ ಈ ಹೊತ್ತು ಕುಂಬಾರರ ಮನೆಯಿಂದ ಐರಾಣಿ ತರಬೇಕು. ಸುಣ್ಣ ಕೆಮ್ಮಣ್ಣು ಬರೆದ ಹೊಸ ಮಡಕೆಗಳು ಅವು. ಕುಂಬಾರರ ಹೊಸಿಲಲ್ಲಿ ಮಡಕೆ ಎತ್ತುವಾಗ ತೆಗೆದ ಪದ ಮದುವೆಮನೆಯ ದೇವರ ಮೂಲೆಯಲ್ಲಿ ಮಡಕೆ ಇಳಿಸುವ ತನಕ ಕಡಿಯಬಾರದು. ಒಬ್ಬಳು ಉಸಿರೆಳೆದುಕೊಳ್ಳುವಾಗ ಇನ್ನೊಬ್ಬಳು ಸೊಲ್ಲು ಹಿಡಿಯಬೇಕು. ಕುಂಬಾರರು ಊರೊಳಗೇ ಇದ್ದ ಕಾಲಕ್ಕೆ ನಾಕು ಪದಕ್ಕೆ ಮನೆ ಮುಟ್ಟುತ್ತಿತ್ತು. ಈಗ ಇವರಿಗೆ ಗೊತ್ತಿದ್ದಂತೆ ತಿಗರಿ ತಿರುಗುತ್ತಿರುವುದು ದೂರದ ಕಟ್ಟಾಯದ ಗುರುಸಿದ್ದಮ್ಮನ ಮನೆಯಲ್ಲಿ ಮಾತ್ರ.

ಬೈರಮ್ಮ ಸೊಸೆಯಾಗಿ ಬಂದ ಮೇಲೆ ಅವಳ ದನಿಯಿಲ್ಲದೆ ಆ ಮನೆಗೆ ಐರಾಣಿ ಬಂದದ್ದಿಲ್ಲ. ಆದರೆ ಬೆಳಿಗ್ಗೆ ಮಗ ಲಕ್ಕಣ್ಣ ಬಾಡಿಗೆಯ ಸೌಂಡ್ ಬಾಕ್ಸೊಂದನ್ನು ತಂದು ಪಿಕಪ್ಪಿನ ಹಿಂದೆ, ಮಡಕೆಗೆಂದು ಹಾಸಿದ್ದ ಬೈಹುಲ್ಲಿನಲ್ಲಿ ಕೂರಿಸಿದ್ದ.

“ನಿಂಗೂ ವಯಸ್ಸಾಯ್ತು ಕಣವ್ವ. ಮೊಬೈಲಲ್ಲಿ ಬೇಕಾದಷ್ಟು ಪದ ಅವೆ. ಅದು ಕಡಿಯಾದೂ ಇಲ್ಲ, ಕೆಮ್ಮಾದೂ ಇಲ್ಲ.”

“ಉಸುರೇ ಇಲ್ದುದ್ದು ಯಾಕಪ್ಪ ಕೆಮ್ಮಾತು?”

ಕೊನೆಗೆ ಒಪ್ಪಂದವಾಗಿತ್ತು. ಹೋಗುತ್ತ ಹಾಡಿ ನೋಡುವುದು. ಹೋಗುವಾಗಲೇ ಕಡಿದರೆ ಬರುವಾಗ ಬಾಕ್ಸು. ಅದಕ್ಕೇ ಅಜ್ಜಿಯ ಮುಖ ಈಗ ಕಿಟಕಿಯ ಕಡೆಗಿತ್ತು. ನಂಜುಂಡೇಶನಿಗೆ ಅದನ್ನು ನೋಡಲಾಗಲಿಲ್ಲ. ಅರಕಲಗೂಡು ಬರುತ್ತಲೇ ಗಾಡಿಯನ್ನು ಪಂಕ್ಚರ್ ಅಂಗಡಿಯ ಪರಮೇಶನ ಮುಂದೆ ನಿಲ್ಲಿಸಿದ.

“ಪಟ್ಟಿ ಗಿಟ್ಟಿ ಮುರ್ದೋಗಿದ್ದಾತು, ನೋಡಣ್ಣ. ಎತ್ತಿ ಎತ್ತಿ ಆಕ್ತೈತೆ.”

ಪರಮೇಶ ಬಗ್ಗಿ ಚಕ್ರದ ಮೇಲಿನ ಸ್ಪ್ರಿಂಗ್ ಪಟ್ಟಿ ನೋಡಿದ, ಹಿಂದಿನ ಟೈರಿಗೊಂದು ಒದ್ದ, ಕಾಲು ಉಜ್ಜಿಕೊಂಡ. ಮೀಟರು ಹಿಡಿದು ನೋಡಿ ನಕ್ಕುಬಿಟ್ಟ.

“ಪಟ್ಟಿ ಸರಿಯಾಗೈತೆ. ಗಾಳಿ ಅರವತ್ತರ ಮೇಲೈತಲ್ಲೋ! ಇಂದೆ ಏನ್ ಏರಿದ್ದೀಯ?”

“ಬೈಹುಲ್ಲು.”

“ಬೈಹುಲ್ಲಿಗೆ ಅರವತ್ತು ಪಾಯಿಂಟಾ? ಶುಂಠಿ ಮೂಟೆ ಏರಿದಾಗ ಇರ್ಬೇಕಾದ ಗಾಳಿ ಕಣ್ಲಾ ಇದು. ಭಾರ ಇಲ್ದಿದ್ರೆ ಟೈರು ಅಮುಕ್ಕೊಳಾಕಿಲ್ಲ, ಚೆಂಡಿನಂಗೆ ಪುಟಿತೈತೆ.”

ನಂಜುಂಡೇಶ್ ಪೆಚ್ಚಾದ. ಗಾಳಿಯ ವಿಷಯದಲ್ಲಿ ಅವನದು ಒಂದೇ ನಂಬಿಕೆಯಾಗಿತ್ತು: ಟೈರು ಕಲ್ಲಿನಂತಿರಬೇಕು. ಶುಂಠಿ ಹೇರಿ ಹಾಸನಕ್ಕೆ ಹೋಗುವಾಗಲೂ ಅಷ್ಟೇ, ಖಾಲಿ ಬರುವಾಗಲೂ ಅಷ್ಟೇ. ಬರುವಾಗ ಸೊಂಟ ನೋಯುವುದು ಡ್ರೈವರ್ ಕೆಲಸದ ಧರ್ಮವೆಂದುಕೊಂಡಿದ್ದ.

“ಇಂಗಾರೆ ಖಾಲಿಗೆ ಎಷ್ಟಿರ್ಬೇಕು?”

“ಬಾಗ್ಲು ಸಂದೀಲಿ ಕಂಪನಿಯೋರೇ ಅಂಟ್ಸಿರ್ತಾರೆ. ತಗಿ ನೋಡಾನ.”

ಬಾಗಿಲು ತೆಗೆದರೆ ಅಲ್ಲಿ ಮನೆದೇವರು ಉಡುಸಲಮ್ಮ ಅರಿಶಿನದ ಮುಖ, ಕೆಂಪು ಸೀರೆಯಲ್ಲಿ ನಗುತ್ತಿದ್ದಳು. ಗಾಡಿ ತಂದ ದಿನ ನಂಜುಂಡೇಶನೇ ಕೈಮುಗಿದು ಅಂಟಿಸಿದ ಪಟ. ಅಳತೆಗೆ ಸರಿಯಾಗಿ ಕಂಡ ಜಾಗ ಅದೊಂದೇ ಆಗಿತ್ತು. ತಾಯಿಯ ಪಾದದ ಕೆಳಗೆ ಕಂಪನಿಯ ಚೀಟಿಯಲ್ಲಿನ ಟೈರಿನ ಚಿತ್ರದ ಒಂದು ಚೂರಷ್ಟೇ ಇಣುಕುತ್ತಿತ್ತು.

ಪರಮೇಶ ಜೇಬಿನಿಂದ ಬ್ಲೇಡು ತೆಗೆದ.

“ಕೈ ಮಡಗೀಯೆ!” ಬೈರಮ್ಮನ ಕೂಗಿಗೆ ಪಕ್ಕದ ಟೀ ಅಂಗಡಿಯವರೆಲ್ಲ ತಿರುಗಿದರು. “ಮನೇಲಿ ಮದ್ವೆ ಇಟ್ಕಂಡು ತಾಯಿ ಮಕ ಕೆರೀತೀರೇನ್ಲಾ?”

ನಂಜುಂಡೇಶ್ ಆಗಲೇ ಕೆನ್ನೆ ಬಡಿದುಕೊಳ್ಳುತ್ತಿದ್ದ. ಪರಮೇಶ ಬ್ಲೇಡನ್ನು ತಟ್ಟನೆ ಜೇಬಿಗೆ ಹಾಕಿದ. “ನಂಗ್ಯಾಕವ್ವ ಅದೆಲ್ಲ.”

“ನಿಂಗೇ ಗೊತ್ತಿಲ್ವಾ ಎಷ್ಟು ಅಂತ?” ಎಂದಳು ಬೈರಮ್ಮ.

“ಒಂದೊಂದು ಗಾಡೀಗೆ ಒಂದೊಂದು ಲೆಕ್ಕ ಕಣಜ್ಜಿ. ಲೋಡಿಂದಾದ್ರೆ ಬಾಯಲ್ಲೈತೆ. ಖಾಲಿ ಪಿಕಪ್ಪಿಗೆ ಎಷ್ಟು ಅಂತ ಇದುವರ್ಗೂ ಯಾರೂ ಕೇಳೇ ಇಲ್ಲ.”

ಆಗ ಬೆಟ್ಟಮ್ಮ, ಕಚ್ಚಿಕೊಂಡ ನಾಲಗೆಯನ್ನು ಇನ್ನೂ ಚಪ್ಪರಿಸುತ್ತಿದ್ದವಳು, ಕ್ಯಾಬಿನ್ನಿನಿಂದ ಕತ್ತು ಚಾಚಿದಳು.

“ಮಡಕೆ ಬೆಂದೈತೋ ಇಲ್ವೋ ಅಂತ ತಟ್ಟಿ ಕೇಳಾಕಿಲ್ವಾ? ಅಂಗೇ ಇದ್ನೂ ಕೇಳಿ. ಒಸಿ ಗಾಳಿ ಬುಡಿ. ನಾವು ಪದ ಯೋಳ್ತೀವಿ. ಎಲ್ಲಿ ಕಡಿಯಾಕಿಲ್ವೋ ಅಲ್ಲಿಗೆ ಸರಿ.”

ಪರಮೇಶ ತಲೆ ಕೆರೆದುಕೊಂಡ. ಟೈರು ನೋಡಿದ, ಅಜ್ಜಿಯರನ್ನು ನೋಡಿದ. ಆಮೇಲೆ ಹುಡುಗುತನದ ಖುಷಿಯಿಂದ ಹಿಂದಿನ ಚಕ್ರದ ಹತ್ತಿರ ಕುಕ್ಕರಗಾಲಲ್ಲಿ ಕೂತ. ಒಂದಾದ ಮೇಲೊಂದರಂತೆ ನಾಕೂ ಚಕ್ರದ ಗಾಳಿ ಉಸ್ಸೆಂದು ಹೊರಟಿತು. ಗಾಡಿ ಮುಂದಿನ ಹಂಪಿನವರೆಗೆ ಪದ ಹೇಳಿಕೊಂಡು ಹೋಗಿ, ಹೇಳಿಕೊಂಡೇ ತಿರುಗಿ ಬಂತು.

“ಎಂಗೈತೆ?”

“ಮೊದ್ಲಿಗಿಂತ ವಾಸಿ. ಹಂಪಲ್ಲಿ ಸೋಬಾನೆ ‘ಸೋ’ ಅಲ್ಲೇ ನಿಂತ್ಕತು.”

ಇನ್ನೊಮ್ಮೆ ಬಿಟ್ಟ, ಉತ್ಸಾಹದಲ್ಲಿ ಕೈ ಮೀರಿ ಬಿಟ್ಟ. ಈ ಸಲ ಗಾಡಿ ತುಂಬಿದ ಬಸುರಿಯಂತೆ ಬಳುಕುತ್ತ ಹೋಯಿತು, ಸ್ಟೇರಿಂಗು ಮಣಭಾರವಾಯಿತು. ಪದವೇನೋ ಕಡಿಯಲಿಲ್ಲ, ಆದರೆ ಬೆಟ್ಟಮ್ಮನ ಸೊಲ್ಲು ಉದ್ದವಾಗುತ್ತ ಆಗುತ್ತ ಆಕಳಿಕೆಯಲ್ಲಿ ಮುಗಿಯಿತು.

“ತೊಟ್ಲಲ್ಲಿ ಮಲಗ್ಸಿದಂಗೈತೆ ಕಣಕ್ಕ. ಮದ್ವೆ ಪದ ಓಗಿ ಜೋಗುಳ ಆಯ್ತು.”

ಪರಮೇಶ ಟೈರಿನ ಉಬ್ಬಿದ ಹೊಟ್ಟೆ ನೋಡಿ ತಲೆಯಾಡಿಸಿದ. “ಇದು ಕಮ್ಮಿಯಾಯ್ತು. ಇಷ್ಟರಲ್ಲಿ ಓಡುಸಿದ್ರೆ ಟೈರು ಕಾದು ಕೂತ್ಕತೈತೆ. ಒಸಿ ತುಂಬ್ತೀನಿ ತಡೀರಿ.”

ಒಂದಷ್ಟು ತುಂಬಿದ, ಒಂದು ಚೂರು ಬಿಟ್ಟ. ಟೀ ಕುಡಿಯುತ್ತಿದ್ದವರು ಲೋಟ ಹಿಡಿದೇ ರಸ್ತೆಯಂಚಿಗೆ ಬಂದು ನಿಂತರು. ಗಾಡಿ ಹಂಪು ಹತ್ತಿತು, ಇಳಿಯಿತು. ಒಳಗಿನ ದನಿ ನೀರಿನ ಮೇಲಿನ ಎಲೆಯಂತೆ ಅದರ ಜೊತೆಗೇ ಏರಿ ಅದರ ಜೊತೆಗೇ ಇಳಿದು, ಎಲ್ಲಿಯೂ ಒಡೆಯದೆ ತಿರುಗಿ ಬಂತು. ಬರುತ್ತ ಬೈರಮ್ಮ ಹೊಸ ಸಾಲನ್ನೇ ಕಟ್ಟಿದ್ದಳು:

“ಗಾಳಿಯ ಅಳೆವೋನೆ, ತಾಯ ಕಂಡ್ ಬೆದರೋನೆ,
ಹೋಳಿಗೆ ಉಣ್ಣಾಕೆ ಬಾರಯ್ಯ, ಪರಮೇಶ,
ಬ್ಲೇಡು ಮನೇಲೇ ಮಡಗಯ್ಯ, ಸೋಬಾನೆ!”

ಟೀ ಅಂಗಡಿಯ ಮುಂದೆ ನಗು ಎದ್ದಿತು. ಪರಮೇಶ ನಾಚಿ ಮೀಟರಿನ ಮೇಲೆ ಬಗ್ಗಿದ. “ಮೂವತ್ತೈದು,” ಎಂದು ಟೈರಿಗೇ ಹೇಳಿದ.

ಕಟ್ಟಾಯದಲ್ಲಿ ಗುರುಸಿದ್ದಮ್ಮ ಮಡಕೆಗಳನ್ನು ಸಾಲಾಗಿ ಜಗಲಿಗೆ ತಂದಿಟ್ಟಿದ್ದಳು. ಅಕ್ಕಿ, ಬೆಲ್ಲ, ವೀಳ್ಯ ಒಪ್ಪಿಸಿ ನಮಸ್ಕರಿಸಿದ್ದಾಯಿತು. ಮಡಕೆಯ ಮೇಲೆ ಚುಕ್ಕಿ ಇಡುವ ಸುಣ್ಣ ಬಟ್ಟಲಲ್ಲಿ ಉಳಿದಿತ್ತು. ಅದನ್ನೂ ಎಲೆಯಲ್ಲಿ ಕಟ್ಟಿ ಬೈರಮ್ಮನ ಕೈಗೆ ಕೊಟ್ಟಳು. ಸಣ್ಣ ಮಡಕೆಗಳು ಬೈಹುಲ್ಲಿನಲ್ಲಿ ಸೌಂಡ್ ಬಾಕ್ಸಿಗೆ ಒರಗಿ ಕೂತವು. ದೊಡ್ಡವೆರಡು ಅಜ್ಜಿಯರ ಮಡಿಲೇರಿದವು. ಹೊಸಿಲಲ್ಲಿ ಮಡಕೆ ಎತ್ತುವಾಗಲೇ ಪದ ಎದ್ದಿತ್ತು.

“ಮಣ್ಣ ತುಳಿದೋಳ ಪಾದ ತಣ್ಣಾಗಿ ಇರಲವ್ವ,
ಸುಣ್ಣದ ಚುಕ್ಕಿ ಇಟ್ಟು ಕಳಿಸ್ಯಾಳೆ, ನಮ್ಮನೆಯ
ಹೆಣ್ಣಿನ ಹಸೆಗೆ ಹರಸ್ಯಾಳೆ, ಸೋಬಾನೆ.”

ಗಾಡಿ ಹೊರಟಿತು. ಗುಂಡಿಗಳು ಬಂದವು, ಹೋದವು. ಜೋಳದ ಹೊಲದ ಹೆಂಗಸರು ಕುಡುಗೋಲು ಹಿಡಿದೇ ತಲೆಯೆತ್ತಿ ಕೇಳಿದರು. ಅರಕಲಗೂಡು ದಾಟಿದ ಮೇಲೆ ನಂಜುಂಡೇಶನ ಫೋನು ಕುಣಿಯತೊಡಗಿತು. ಅದರ ರಿಂಗು ಪದಕ್ಕೆ ಅಡ್ಡ ಬರುತ್ತದೆಂದು ಒತ್ತಿ, ಸ್ಪೀಕರಿಗೆ ಹಾಕಿ, ಸ್ಟೇರಿಂಗಿನ ಮುಂದೆ ನಿಲ್ಲಿಸಿದ್ದ ಇನ್ನೊಂದು ದೇವರ ಪಟದ ಬುಡದಲ್ಲಿಟ್ಟ.

“ಎಲ್ಲಿದ್ದೀರ್ಲಾ? ಬಾಕ್ಸು ಆಕಿದ್ರಾ?” ಲಕ್ಕಣ್ಣನ ದನಿ. ಉತ್ತರಕ್ಕೆ ಪದ ಮಾತ್ರ ಕೇಳುತ್ತಿತ್ತು. ಆ ಕಡೆಯಿಂದ ಫೋನು ಇಟ್ಟ ಸದ್ದು ಬರಲಿಲ್ಲ.

ಊರು ಕಾಣುವಷ್ಟರಲ್ಲಿ, ಕೆರೆ ಏರಿಯ ಮೇಲೆ, ಎದುರಿನಿಂದ ಟ್ರ್ಯಾಕ್ಟರೊಂದು ಕೆಂಧೂಳೆಬ್ಬಿಸಿಕೊಂಡು ಬಂದು ದಾಟಿತು. ತೆರೆದ ಕಿಟಕಿಯಿಂದ ಧೂಳು ಒಳಗೆ ನುಗ್ಗಿತು. ಪದದ ಸಾಲಿನ ಕೊನೆ ಮುಟ್ಟಿದ್ದ ಬೈರಮ್ಮನಿಗೆ ಕೆಮ್ಮು ಬಂತು. ಸೊಲ್ಲು ಹಿಡಿಯಬೇಕಾದ ಬೆಟ್ಟಮ್ಮನಿಗೂ ಗಂಟಲು ಕಟ್ಟಿ, ಕಣ್ಣಲ್ಲಿ ನೀರು ತುಂಬಿ, ಕೈ ಗಾಳಿಯಲ್ಲಾಡಿತು. ನಂಜುಂಡೇಶ್ ಬಾಯಿ ತೆರೆದ. ಅವನ ಬಾಯಿಗೂ ಧೂಳೇ ಬಂತು.

“ಸೋ... ಬಾ... ನೇ...”

ದೇವರ ಪಟದ ಬುಡದಿಂದ ಬಂತು ಅದು. ಒಡಕು ದನಿ, ರಾಗ ಎಲ್ಲೋ, ತಾಳ ಎಲ್ಲೋ. ಆದರೂ ಎಳೆದ ಸೊಲ್ಲನ್ನು ಬಿಡದೆ ಹಿಡಿದುಕೊಂಡಿತ್ತು, ಅಜ್ಜಿಗೆ ಉಸಿರು ಮರಳುವ ತನಕ. ಬೈರಮ್ಮ ಕಣ್ಣರಳಿಸಿ ಫೋನನ್ನು ನೋಡಿದಳು. ಮುಂದಿನ ಸಾಲು ಎತ್ತುವಾಗ ಅವಳ ದನಿಯೊಳಗೆ ನಗು ಸೇರಿಕೊಂಡಿತ್ತು. ನಗು ಸೇರಿದ್ದರಿಂದಲೋ ಏನೋ ಅದು ಇನ್ನೂ ಎತ್ತರಕ್ಕೆ ಹೋಯಿತು.

ಚಪ್ಪರದಡಿ ಆರತಿ ಎತ್ತಿದರು. ಐರಾಣಿ ಒಂದೊಂದಾಗಿ ಒಳಗೆ ಹೋಗಿ ದೇವರ ಮೂಲೆಯಲ್ಲಿ ಕೂತವು. ಅರಿಶಿನ ಮೆತ್ತಿಕೊಂಡ ಮಾನಸಾ ಬಾಗಿಲ ಮರೆಯಿಂದ ನೋಡುತ್ತಿದ್ದಳು. ಕೊನೆಯ ಮಡಕೆ ನೆಲ ಮುಟ್ಟಿದ ಮೇಲೆ ಬೈರಮ್ಮ ಪದ ನಿಲ್ಲಿಸಿ ಒಂದು ಚೊಂಬು ನೀರು ಕುಡಿದಳು.

ಲಕ್ಕಣ್ಣ ಕಂಬಕ್ಕೆ ಕಟ್ಟಿದ ಮಾವಿನ ಸೊಪ್ಪನ್ನು ಸರಿಮಾಡುವವನಂತೆ ನಿಂತು ಕೇಳಿದ: “ಎಲ್ಲೂ ಕಡೀನಿಲ್ವೇನವ್ವ?”

“ಎಲ್ ಕಡೀತು? ನಿನ್ ಮೊಬೈಲು ವಳ್ಳೇ ಮೊಬೈಲು ಕಣಪ್ಪ. ರಾಗ ಒಂದು ನಿಮ್ಮಪ್ಪನಂಗೇ ಐತೆ.”

ಹೆಂಗಸರೆಲ್ಲ ಗೊಳ್ಳೆಂದರು. ಲಕ್ಕಣ್ಣ ಸೌಂಡ್ ಬಾಕ್ಸನ್ನು ಬೈಹುಲ್ಲಿನಿಂದ ಎತ್ತಿ ತಂದು ಚಪ್ಪರದ ಮೂಲೆಯಲ್ಲಿಟ್ಟ. ಯಾರೋ ಅದರ ಮೇಲೆ ಎಲೆಅಡಿಕೆಯ ತಟ್ಟೆ ಇಟ್ಟರು.

ಬೈರಮ್ಮ ಹೊರಗೆ ಬಂದು ಎಲೆಯ ಗಂಟು ಬಿಚ್ಚಿದಳು. ಸುಣ್ಣದಲ್ಲಿ ಬೆರಳದ್ದಿ ಪಿಕಪ್ಪಿನ ಸುತ್ತ ನಡೆದು, ಒಂದೊಂದು ಟೈರಿನ ಉರುಳುವ ಮೈಗೂ ಒಂದೊಂದು ಬೊಟ್ಟು ಇಟ್ಟು, ಕೈ ಮುಗಿದಳು. ಗಾಡಿಯನ್ನು ಹುಣಸೆಮರದ ನೆರಳಿಗೆ ಬಿಡಲು ನಂಜುಂಡೇಶ್ ಮೆಲ್ಲಗೆ ಹಿಂದಕ್ಕೆ ತೆಗೆದ. ಚಕ್ರ ಉರುಳಿದಂತೆ ಸುಣ್ಣದ ಬೊಟ್ಟು ಕೆಳಗಿಳಿದು ಕಾಣದಾಯಿತು, ಮತ್ತೆ ಮೇಲೆ ಬಂತು. ಸಗಣಿ ಸಾರಿಸಿದ ಅಂಗಳದಲ್ಲಿ, ಸುತ್ತಿಗೊಂದರಂತೆ, ಬಿಳಿಯ ಚುಕ್ಕಿ ಬಿದ್ದಿತ್ತು.