ತೊಟ್ಟಿಯ ತಳದ ಹಿಟ್ಟು

ಮಲಕಪ್ಪನಿಗೆ ಯಾವುದನ್ನೂ ನಿಧಾನವಾಗಿ ಮಾಡಿ ಗೊತ್ತಿರಲಿಲ್ಲ. ಬಿಗಿದುಕೊಂಡ ಬಾಗಿಲನ್ನು ಒದ್ದು ತೆಗೆಯುವವನು, ಬಿಸಿ ಚಹಾ ಒಂದೇ ಗುಟುಕಿಗೆ ಕುಡಿದು ನಾಲಿಗೆ ಸುಟ್ಟುಕೊಳ್ಳುವವನು. ಪೀಣ್ಯದ ರಟ್ಟಿನ ಪೆಟ್ಟಿಗೆ ಕಾರ್ಖಾನೆಯಲ್ಲಿ ಅಂಟು ಕಲಸುವ ಕೆಲಸ ಅವನದು. ಹೆಂಡತಿ ಸಿದ್ದಕ್ಕನ ತಮ್ಮ ಯಮನೂರನನ್ನೂ ತೊಂಬತ್ನಾಲ್ಕರಲ್ಲಿ ಊರಿನಿಂದ ಕರೆಸಿ ಅಲ್ಲೇ ಸೇರಿಸಿದ್ದ.

ಅದೊಂದು ಸೋಮವಾರ. ಭಾನುವಾರದ ರಜೆಯಲ್ಲಿ ಮೆಕ್ಕೆಜೋಳದ ಹಿಟ್ಟು ಅಂಟಿನ ತೊಟ್ಟಿಯ ತಳಕ್ಕಿಳಿದು ಕೂತಿತ್ತು. ಕಲಸುವ ರೆಕ್ಕೆ ತಿರುಗಲಿಲ್ಲ. ಯಮನೂರ ಸ್ವಿಚ್ ಆರಿಸಿ, ಅಂಚಿನ ಮೇಲೆ ಬೋರಲು ಬಿದ್ದು, ಭುಜದವರೆಗೆ ಕೈ ಇಳಿಸಿದ. ಹೋಗುವಾಗ ಸಲೀಸಾಗಿ ಹೋದ ಕೈ ಬರುವಾಗ ಬರಲಿಲ್ಲ.

"ಮಾಮಾ, ಕೈ ಸಿಕ್ಕೈತಿ!" ಎಂದದ್ದೇ ತಡ, ಮಲಕಪ್ಪ ಓಡಿಬಂದು ಅವನ ನಡು ಹಿಡಿದು ಜಗ್ಗಿದ. ಹಿಟ್ಟು ಕಲ್ಲಾಯಿತು. "ಜಗ್ಗಬ್ಯಾಡ್ರಿ!" ಎಂದು ಯಮನೂರ ಚೀರಿದ. ಹೆದರಿದವನ ಮಾತು ಯಾರು ಕೇಳುತ್ತಾರೆ? ಮಲಕಪ್ಪ ಮತ್ತೂ ಜೋರಾಗಿ ಜಗ್ಗಿದ. ಭುಜದಲ್ಲಿ ಏನೋ ಲಟಕ್ ಎಂದಿತು.

ನರ ಹರಿದಿದೆ, ಬಲಗೈ ಇನ್ನು ಏಳುವುದಿಲ್ಲ ಎಂದರು ಡಾಕ್ಟರು. ಯಮನೂರ ಊರಿಗೆ ಮರಳಿದ. ಕೈ ಮಷೀನಿಗೆ ಸಿಕ್ಕಿತ್ತೆಂದಷ್ಟೇ ತಿಳಿದಿದ್ದ ಅವನ ತಾಯಿ ಭಾಗ್ಯಮ್ಮ ಮಾತ್ರ, ಅಳಿಯ ಮಷೀನಿನ ಬಾಯಿಂದ ಮಗನ ಜೀವ ಉಳಿಸಿದನೆಂದು ಊರೆಲ್ಲ ಹೇಳಿಕೊಂಡು ತಿರುಗಿದಳು.

ಬೇಸಿಗೆಯಲ್ಲಿ ಸಿದ್ದಕ್ಕ, ರಾಜಗೋಪಾಲನಗರದ ಬಾಡಿಗೆ ಕೋಣೆಯಲ್ಲಿ, ಸಂಡಿಗೆಗೆಂದು ನೆನೆಸಿದ ಗೋಧಿ ರುಬ್ಬಿ ಹಾಲು ಹಿಂಡಿಟ್ಟಿದ್ದಳು. ಮೇಲಿನ ತಿಳಿ ನೀರು ಚೆಲ್ಲಿ ತಳದ ಗಟ್ಟಿಗೆ ಕೈ ಹಾಕಿದಾಗ ಮುಂಗೈ ಸಿಕ್ಕಿಕೊಂಡಿತು. ಮಲಕಪ್ಪ ಹಾರಿ ಹೋಗಿ ಅವಳ ರಟ್ಟೆ ಹಿಡಿದ.

"ಬಿಡ್ರಿ, ಜಗ್ಗಬ್ಯಾಡ್ರಿ. ಜಗ್ಗಿದಷ್ಟೂ ಬಿಗೀತೈತಿ. ಸುಮ್ಮ ಇದ್ರ ತಾನ ಬಿಡ್ತೈತಿ," ಎಂದು ಸಿದ್ದಕ್ಕ ನಕ್ಕಳು. ನೋಡುತ್ತಿದ್ದಂತೆ ಗಟ್ಟಿ ನೀರಾಗಿ, ಕೈ ಮೆಲ್ಲಗೆ ಹೊರಬಂತು. "ನಮ್ಮವ್ವ ಮಾಡೂವಾಗ ನಾನು, ಯಮನೂರ ಇದರಾಗ ಕೈ ಇಟ್ಟು ಆಡ್ತಿದ್ವಿ." ಹೇಳುತ್ತ ಹೇಳುತ್ತ ಅವಳ ನಗು ನಿಂತುಹೋಯಿತು.

ಆ ದಿನ ಮಲಕಪ್ಪನಿಗೆ ಅನ್ನ ಸೇರಲಿಲ್ಲ. ಮರುದಿನವೇ ಊರಿನ ಬಸ್ಸು ಹತ್ತಿದ. ಕಟ್ಟೆಯ ಮೇಲೆ ಯಮನೂರನ ಪಕ್ಕ ಕೂತು, "ನಿನಗ ಗೊತ್ತಿತ್ತು. ಹೇಳಿದಿ. ನಾ ಕೇಳಲಿಲ್ಲ. ತಪ್ಪಾತು ತಮ್ಮಾ. ನಿಮ್ಮವ್ವಗೂ ಹೇಳ್ತೀನಿ," ಎಂದ.

ಯಮನೂರ ಎಡಗೈಯಿಂದ ಅವನ ಕೈ ಹಿಡಿದುಕೊಂಡ. "ತೊಟ್ಟ್ಯಾಗ ಇದ್ದದ್ದು ಹಿಟ್ಟು ಅಂತ ಮಾತ್ರ ಅವ್ವಗ ಹೇಳಬ್ಯಾಡ್ರಿ ಮಾಮಾ. ಆಕಿಗೆ ಎಲ್ಲಾ ತಿಳದುಬಿಡ್ತೈತಿ."

ಅಷ್ಟರಲ್ಲಿ ಭಾಗ್ಯಮ್ಮ, ಮಗನನ್ನು ಉಳಿಸಿಕೊಟ್ಟ ಅಳಿಯನಿಗೆಂದು, ಕರಿದ ಗೋಧಿ ಸಂಡಿಗೆಯ ತಾಟು ತಂದಿಟ್ಟಳು. ಮಲಕಪ್ಪ ಒಂದನ್ನು ಬಾಯಿಗಿಟ್ಟುಕೊಂಡ. ಇಡೀ ಜನ್ಮದಲ್ಲಿ ಅದೊಂದನ್ನೇ ಅವನು ನಿಧಾನವಾಗಿ ತಿಂದದ್ದು.